ಬ್ಯಾಂಡಿಗೆ ಸ್ವರಪತ್ರವನ್ನು ಆರಿಸುವುದು ಹೇಗೆ?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆಯು ಹೊರವರ್ತುಲ ರಸ್ತೆಯನ್ನು ಸಂಧಿಸುವ ಎಡೆಯಲ್ಲಿ ನಾಯಂಡಹಳ್ಳಿ ಇದೆ. ಒಂದು ಕಾಲಕ್ಕೆ ಅದು ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿದ್ದಿತು; ಈಗ ನಗರವು ಅದನ್ನು ತನ್ನ ಒಡಲಿಗೆ ಸೇರಿಸಿಕೊಂಡಿದೆ. ಬಳಿಯಲ್ಲಿ ವೃಷಭಾವತಿ ಹೊಳೆ, ಮೈಸೂರಿನ ರೈಲುದಾರಿ. ತಲೆಯ ಮೇಲೆ 2021ರಿಂದ ಓಡಾಡುತ್ತಿರುವ ಮೆಟ್ರೊ ರೈಲು. ನೆಲದ ಮೇಲೆ ಹಗಲಿರುಳೂ ಮುಗಿಯದ ವಾಹನಗಳ ಸಾಲು. ಇಂತಹ ಗದ್ದಲದ ನಡುವೆ ಸಂಗೀತದ ಮಾತೇಕೆ ಎಂದು ವಾಚಕರು ಕೇಳಬಹುದು. ಆದರೆ ಈ ಲೇಖನದ ಪ್ರಶ್ನೆ ನಮಗೆ ಎದುರಾದುದು ಅಲ್ಲಿಯೇ.

ಆ ಪ್ರದೇಶದ ಒಂದು ಕಾಲೇಜಿನ ವಿದ್ಯಾರ್ಥಿಗಳು ಕೆಲವು ವರ್ಷಗಳ ಹಿಂದೆ ಒಂದು ಬ್ಯಾಂಡನ್ನು ಕಟ್ಟಿದರು. ಕೊಳಲಿಗೆ ಇಬ್ಬರು, ಕ್ಲಾರಿನೆಟ್ಟಿಗೆ ಐವರು, ಸ್ಯಾಕ್ಸೊಫೋನಿಗೆ ಮೂವರು, ಟ್ರಂಪೆಟ್ಟಿಗೆ ಐವರು, ಟ್ರಾಂಬೋನಿಗೆ ಇಬ್ಬರು, ಯೂಫೋನಿಯಮ್ಮಿಗೆ ಒಬ್ಬರು, ತಾಳವಾದ್ಯಗಳಿಗೆ ನಾಲ್ವರು: ಒಟ್ಟು 22 ಮಂದಿ. ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಗಣರಾಜ್ಯೋತ್ಸವದಂದು ನುಡಿಸುವುದಕ್ಕಾಗಿ ಅವರು ಒಂದು ಪ್ರಸಿದ್ಧ ಪಾಶ್ಚಾತ್ಯ ಕೃತಿಯ ಸ್ವರಪತ್ರವನ್ನು ಹಣ ಕೊಟ್ಟು ತರಿಸಿಕೊಂಡರು. ನಾಲ್ಕು ತಿಂಗಳ ಕಾಲ ಪ್ರತಿ ಸಂಜೆಯೂ ಅಭ್ಯಾಸ ನಡೆಯಿತು. ಆದರೆ ಆ ದಿನ ಬಂದಾಗ ಎತ್ತರದ ಸ್ವರಗಳಲ್ಲಿ ಟ್ರಂಪೆಟ್ಟುಗಳು ಒಡೆದುವು. ನಡುವೆ ಒಂದೆಡೆ ಯಾರೂ ನುಡಿಸದೆ ಮೇಳವೆಲ್ಲ ಮೌನವಾಯಿತು. ಕೊನೆಗೆ ಕೃತಿಯು ಅರ್ಧಕ್ಕೇ ನಿಂತಿತು. ಮರುವಾರ ಟ್ರಂಪೆಟ್ ನುಡಿಸುತ್ತಿದ್ದ ಇಬ್ಬರು ಹುಡುಗಿಯರು ವಾದ್ಯಗಳನ್ನು ಹಿಂದಿರುಗಿಸಿ, ಇದು ನಮ್ಮಿಂದಾಗುವ ಕೆಲಸವಲ್ಲವೆಂದು ಹೇಳಿ ಹೊರಟುಹೋದರು.

ನಾವು ಭೌತಶಾಸ್ತ್ರದ ಉಪಾಧ್ಯಾಯರು. ಮೈದಾನದ ಧ್ವನಿಗುಣದಲ್ಲಿ ಏನಾದರೂ ದೋಷವಿದೆಯೇ ಎಂದು ಪರೀಕ್ಷಿಸಬೇಕೆಂಬ ಕೋರಿಕೆ ನಮಗೆ ಬಂದಿತು. ಮೈದಾನವನ್ನು ನೋಡುವುದಕ್ಕೆ ಮೊದಲು ನಾವು ಆ ಸ್ವರಪತ್ರವನ್ನು ತರಿಸಿ ನೋಡಿದೆವು. ದೋಷವು ಮಕ್ಕಳಲ್ಲಿರಲಿಲ್ಲ. ಕೃತಿಯಲ್ಲಿಯೂ ಇರಲಿಲ್ಲ, ಅದು ಶ್ರೇಷ್ಠವಾದ ಕೃತಿಯೇ. ಆ ಕೃತಿಯನ್ನು ಆ ಮೇಳಕ್ಕೆ ಆರಿಸಿದ್ದರಲ್ಲಿ ದೋಷವಿದ್ದಿತು. ಕೀರ್ತಿಯನ್ನು ನೋಡಿ ಸ್ವರಪತ್ರವನ್ನು ಕೊಳ್ಳುವುದು, ಕಾಲಿನ ಅಳತೆಯನ್ನು ತೆಗೆಯದೆ ಅಂಗಡಿಯ ಗಾಜಿನ ಹಿಂದಿರುವ ಪಾದರಕ್ಷೆಯನ್ನು ಕೊಂಡಂತೆ. ಮೇಳದ ಅಳತೆಯೆಂದರೆ ಅದರ ಕೊಳವೆಗಳು, ಅದರ ತುಟಿಗಳು ಮತ್ತು ಅದು ನಿಂತು ನುಡಿಸುವ ನೆಲ. ಈ ಮೂರನ್ನೂ ಅಳೆಯುವುದು ಭೌತಶಾಸ್ತ್ರಕ್ಕೆ ಸಾಧ್ಯ. ಹೇಗೆಂಬುದನ್ನು ನೋಡೋಣ.

ಮೇಳವು ಯಾವ ಜಾತಿಯದು?

ನಾವು ಬ್ಯಾಂಡು ಎಂಬ ಒಂದೇ ಮಾತಿನಿಂದ ಕರೆಯುವ ಮೇಳಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಮೊದಲನೆಯದು ಹಿತ್ತಾಳೆ ಮೇಳ. ಇಂಗ್ಲೆಂಡಿನ ಗಣಿ ಮತ್ತು ಗಿರಣಿಗಳ ಊರುಗಳಲ್ಲಿ ಬೆಳೆದ ಈ ಮೇಳದಲ್ಲಿ ಸುಮಾರು 25 ಮಂದಿ ಊದುವವರೂ ಕೆಲವರು ತಾಳವಾದ್ಯದವರೂ ಇರುತ್ತಾರೆ. ಕಾರ್ನೆಟ್, ಫ್ಲೂಗಲ್‌ಹಾರ್ನ್, ಟೆನರ್ ಹಾರ್ನ್, ಬ್ಯಾರಿಟೋನ್, ಯೂಫೋನಿಯಂ, ಟ್ರಾಂಬೋನ್, ಟ್ಯೂಬಾ ಇವೆಲ್ಲವೂ ತುಟಿಯ ಕಂಪನದಿಂದ ನುಡಿಯುವ ಲೋಹದ ಕೊಳವೆಗಳೇ. ಎರಡನೆಯದು ಸಂಮಿಶ್ರ ವಾದ್ಯಮೇಳ. ಇದರಲ್ಲಿ ಹಿತ್ತಾಳೆಯ ವಾದ್ಯಗಳೊಡನೆ ಕೊಳಲು, ಓಬೋ, ಕ್ಲಾರಿನೆಟ್, ಸ್ಯಾಕ್ಸೊಫೋನುಗಳೂ ಸೇರುತ್ತವೆ. ಸೈನ್ಯದ ಮತ್ತು ಪೊಲೀಸಿನ ಬ್ಯಾಂಡುಗಳು ಬಹುಮಟ್ಟಿಗೆ ಈ ಎರಡನೆಯ ಜಾತಿಗೆ ಸೇರಿದುವು.

ಒಂದು ಜಾತಿಗೆ ಬರೆದುದನ್ನು ಇನ್ನೊಂದು ಜಾತಿಯ ಮೇಳವು ಹಾಗೆಯೇ ನುಡಿಸಲಾರದು. ಇಂಗ್ಲೆಂಡಿನ ಸಂಗೀತಗಾರ ಗುಸ್ತಾವ್ ಹೋಲ್ಸ್ಟ್ ಎರಡು ಜಾತಿಗಳಿಗೂ ಬೇರೆಬೇರೆಯಾಗಿಯೇ ಬರೆದನು. 1909ರಲ್ಲಿ ರಚಿಸಿದ ಇ-ಫ್ಲಾಟ್ ಶ್ರುತಿಯ ಮೊದಲನೆಯ ಸ್ವೀಟು ಸೈನಿಕ ಮೇಳಕ್ಕೆ. 1928ರ 'ಮೂರ್‌ಸೈಡ್ ಸ್ವೀಟು' ಹಿತ್ತಾಳೆ ಮೇಳಕ್ಕೆ. ಹೆಸರೂ ಕರ್ತೃವೂ ಒಂದೇ ಎಂದು ಒಂದರ ಬದಲು ಇನ್ನೊಂದನ್ನು ತರಿಸಿದರೆ ಅರ್ಧ ಮೇಳವು ಕೈಕಟ್ಟಿ ಕುಳಿತಿರಬೇಕಾಗುತ್ತದೆ.

ಜಾತಿಯು ಹೊಂದಿದ ಮೇಲೂ ಆಳಿನ ಲೆಕ್ಕ ಉಳಿಯುತ್ತದೆ. ನಾಯಂಡಹಳ್ಳಿಯ ಮೇಳವು ತರಿಸಿದ ಹಾಳೆಯಲ್ಲಿ ಫ್ರೆಂಚ್ ಹಾರ್ನಿಗೆ ನಾಲ್ಕು ಭಾಗಗಳಿದ್ದುವು, ಓಬೋವಿಗೆ ಒಂದು ಏಕವಾದನವಿದ್ದಿತು. ಮೇಳದಲ್ಲಿ ಹಾರ್ನೂ ಇರಲಿಲ್ಲ, ಓಬೋವೂ ಇರಲಿಲ್ಲ. ಆ ಮೌನದ ಕಾರಣ ಇದೇ. ಒಳ್ಳೆಯ ಪ್ರಕಾಶಕರು ಅಪರೂಪದ ವಾದ್ಯಗಳ ಮುಖ್ಯ ಭಾಗವನ್ನು ಬೇರೊಂದು ವಾದ್ಯದ ಹಾಳೆಯಲ್ಲಿ ಸಣ್ಣ ಅಕ್ಷರದ ಸ್ವರಗಳಾಗಿ ಅಚ್ಚುಹಾಕಿರುತ್ತಾರೆ. ಆ ವಾದ್ಯವಿಲ್ಲದಿದ್ದರೆ ಇವನು ನುಡಿಸಲಿ ಎಂಬುದು ಅದರ ಅರ್ಥ. ಕೊಳ್ಳುವ ಮೊದಲು ಇಂತಹ ಬದಲಿ ಸ್ವರಗಳಿವೆಯೇ ಎಂದು ನೋಡಬೇಕು. ಇಂದು ಅನೇಕ ಪ್ರಕಾಶಕರು ಪೂರ್ಣ ಸ್ವರಪತ್ರದ ಕೆಲವು ಪುಟಗಳನ್ನು ಅಂತರ್ಜಾಲದಲ್ಲಿ ತೋರಿಸುತ್ತಾರಾದುದರಿಂದ ಇದು ಕಷ್ಟದ ಕೆಲಸವಲ್ಲ. ಧ್ವನಿಮುದ್ರಣವನ್ನು ಮಾತ್ರ ಕೇಳಿ ಆರಿಸುವುದು ಅಪಾಯ. ಅಲ್ಲಿ ನುಡಿಸುವವರು ನುರಿತ ದೊಡ್ಡ ಮೇಳದವರು, ನಮ್ಮ 22 ಮಂದಿಯಲ್ಲ.

ಒಂದೊಂದು ವಾದ್ಯಕ್ಕೆ ಒಂದೊಂದು ಶ್ರುತಿ

ಇನ್ನೊಂದು ತಪ್ಪು ಹೊಸ ಮೇಳಗಳಲ್ಲೆಲ್ಲ ಕಾಣುವಂತಹುದು. ಒಂದು ಹಾಳೆಯನ್ನು ತಂದು ಅದರ ಪ್ರತಿಗಳನ್ನು ಎಲ್ಲರಿಗೂ ಹಂಚುವುದು! ಕರ್ಣಾಟಕ ಸಂಗೀತವನ್ನು ಸ್ವಲ್ಪ ಬಲ್ಲವರಿಗೆ ಇದರ ತೊಡಕನ್ನು ವಿವರಿಸುವುದು ಸುಲಭ. ಕೊಳಲಿನ ಆಧಾರಷಡ್ಜವು ಒಂದನೆಯ ಮನೆಯದು ಎಂದಿಟ್ಟುಕೊಳ್ಳಿ. ಟ್ರಂಪೆಟ್ ಮತ್ತು ಕ್ಲಾರಿನೆಟ್ಟುಗಳ ಷಡ್ಜವು ಬಿ-ಫ್ಲಾಟ್, ಎಂದರೆ ಆರೂವರೆ. ಆಲ್ಟೋ ಸ್ಯಾಕ್ಸೊಫೋನಿನದು ಇ-ಫ್ಲಾಟ್, ಎಂದರೆ ಎರಡೂವರೆ. ಫ್ರೆಂಚ್ ಹಾರ್ನಿನದು ಎಫ್, ಎಂದರೆ ನಾಲ್ಕು. ಪಾಶ್ಚಾತ್ಯ ಪದ್ಧತಿಯಲ್ಲಿ ಈ ವಾದ್ಯಗಳಿಗೆಲ್ಲ ಅವುಗಳ ಷಡ್ಜವನ್ನು ಹಾಳೆಯ ಮೇಲೆ ಒಂದೇ ಗುರುತಿನಿಂದ ಬರೆಯುತ್ತಾರೆ. ಒಂದೇ ಹಾಳೆಯನ್ನು ಎಲ್ಲರೂ ನೋಡಿ ಊದಿದರೆ ಟ್ರಂಪೆಟ್ಟಿನಿಂದ ಷಡ್ಜ ಹೊರಟಾಗ ಸ್ಯಾಕ್ಸೊಫೋನಿನಿಂದ ಅದರ ಮಧ್ಯಮ ಹೊರಡುತ್ತದೆ. ಮೂರು ಶ್ರುತಿಗಳಲ್ಲಿ ಮೂರು ಕಚೇರಿಗಳು ಏಕಕಾಲದಲ್ಲಿ ನಡೆದಂತಾಗುತ್ತದೆ.

ಆದುದರಿಂದಲೇ ಪ್ರತಿಯೊಂದು ವಾದ್ಯಕ್ಕೂ ಅದರದೇ ಆದ ಭಾಗಪತ್ರವಿರಬೇಕು. ಮೇಳವೆಲ್ಲ ಆರೂವರೆ ಶ್ರುತಿಯಲ್ಲಿ ನುಡಿಯಬೇಕಾದರೆ ಟ್ರಂಪೆಟ್ ತನ್ನ ಷಡ್ಜದಿಂದಲೇ ಹೊರಡುತ್ತದೆ. ಆಲ್ಟೋ ಸ್ಯಾಕ್ಸೊಫೋನ್ ತನ್ನ ಪಂಚಮವನ್ನು ಷಡ್ಜವಾಗಿ ಹಿಡಿಯುತ್ತದೆ. ಎರಡೂ ಸುಲಭ. ಬ್ಯಾಂಡಿನ ಕೃತಿಗಳಲ್ಲಿ ಬಿ-ಫ್ಲಾಟ್, ಇ-ಫ್ಲಾಟ್, ಎಫ್ ಶ್ರುತಿಗಳು ಹೆಚ್ಚಾಗಿ ಕಾಣುವುದಕ್ಕೆ ಕಾರಣ ಇದೇ. ಇದಕ್ಕೆ ಬದಲಾಗಿ, ಗಾಯಕರ ಕಂಠಕ್ಕೆ ಒಪ್ಪುವ ಡಿ ಶ್ರುತಿಯಲ್ಲಿರುವ ಚಲನಚಿತ್ರಗೀತೆಯೊಂದನ್ನು ಹಾಗೆಯೇ ಬ್ಯಾಂಡಿಗೆ ಇಳಿಸಿದರೆ, ಟ್ರಂಪೆಟ್ಟಿನವನು ನಾಲ್ಕು ತೀವ್ರ ಚಿಹ್ನೆಗಳನ್ನೂ ಸ್ಯಾಕ್ಸೊಫೋನಿನವನು ಐದು ತೀವ್ರ ಚಿಹ್ನೆಗಳನ್ನೂ ನೆನಪಿಡಬೇಕಾಗುತ್ತದೆ. ಅರ್ಧ ಮನೆಯಷ್ಟು ಶ್ರುತಿಯನ್ನು ಏರಿಸಿ ಇ-ಫ್ಲಾಟಿಗೆ ತಂದರೆ ಆ ಕಷ್ಟವೆಲ್ಲ ಕರಗಿಹೋಗುತ್ತದೆ. ಕೇಳುವವರಿಗೆ ಭೇದವೇ ತಿಳಿಯದು. ನುಡಿಸುವವರಿಗೆ ಒಂದು ತಿಂಗಳ ಶ್ರಮ ಉಳಿಯುತ್ತದೆ.

ಕೊಳವೆಯ ಲೆಕ್ಕ

ಈಗ ಹಿತ್ತಾಳೆಯ ಕೊಳವೆಯ ಒಳಗೆ ನಡೆಯುವ ವ್ಯಾಪಾರವನ್ನು ನೋಡೋಣ. ತೋಟಕ್ಕೆ ನೀರು ಬಿಡುವ ಕೊಳವೆಯ ಒಂದೂವರೆ ಮೀಟರಿನ ತುಂಡನ್ನು ತೆಗೆದುಕೊಂಡು, ಒಂದು ತುದಿಗೆ ಆಲಿಕೆಯನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ತುಟಿಗಿಟ್ಟು, ತುಟಿಗಳು ಅದುರುವಂತೆ ಊದಿ ನೋಡಿ. ತುಟಿಯನ್ನು ಬಿಗಿ ಮಾಡುತ್ತ ಹೋದರೆ ಸ್ವರವು ಜಾರಿ ಏರುವುದಿಲ್ಲ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಿಗಿಯುತ್ತದೆ. ಕೊಳವೆಯ ಉದ್ದಕ್ಕೆ ಹೊಂದುವ ಕಂಪನಗಳನ್ನು ಮಾತ್ರ ಅದರೊಳಗಿನ ಗಾಳಿಯು ಒಪ್ಪಿಕೊಳ್ಳುವುದೇ ಇದಕ್ಕೆ ಕಾರಣ.

ಟ್ರಂಪೆಟ್ಟಿನ ಕೊಳವೆಯ ಉದ್ದ ಸುಮಾರು 148 ಸೆಂಟಿಮೀಟರು. ಬಾಯಿಯ ಬಟ್ಟಲು ಮತ್ತು ತುದಿಯ ಗಂಟೆಯಾಕಾರಗಳು ಸೇರಿ, ಅದರ ಕಂಪನಗಳು 2, 3, 4, 5, 6, 8 ಎಂಬ ಪ್ರಮಾಣದಲ್ಲಿ ಇರುವಂತೆ ಮಾಡುತ್ತವೆ. 2ನ್ನು ಷಡ್ಜವೆಂದು ಹಿಡಿದರೆ 3 ಪಂಚಮ, 4 ಮೇಲಿನ ಷಡ್ಜ, 5 ಅಂತರ ಗಾಂಧಾರ, 6 ಮತ್ತೆ ಪಂಚಮ, 8 ಇನ್ನೂ ಮೇಲಿನ ಷಡ್ಜ. ಬೆರಳನ್ನು ಅಲುಗಿಸದೆ ಸಿಗುವ ಸ್ವರಗಳು ಇಷ್ಟೇ: ಸ, ಗ, ಪ.

ಕೆಳಗಿನ ಷಡ್ಜಕ್ಕೂ ಪಂಚಮಕ್ಕೂ ನಡುವೆ ಆರು ಸ್ವರಸ್ಥಾನಗಳು ಖಾಲಿ ಉಳಿಯುತ್ತವೆ. ಇವನ್ನು ತುಂಬುವುದಕ್ಕಾಗಿ ಮೂರು ಕವಾಟಗಳಿವೆ. ಎರಡನೆಯ ಕವಾಟವನ್ನು ಒತ್ತಿದರೆ ಗಾಳಿಯು ಒಂದು ಹೆಚ್ಚಿನ ಸುರುಳಿಯನ್ನು ಹಾದು ಸ್ವರವು ಒಂದು ಸ್ಥಾನ ಇಳಿಯುತ್ತದೆ, ಮೊದಲನೆಯದರಿಂದ ಎರಡು ಸ್ಥಾನ, ಮೂರನೆಯದರಿಂದ ಮೂರು. ಮೂರನ್ನೂ ಕೂಡಿ ಒತ್ತಿದರೆ ಆರು. ಲೆಕ್ಕ ಸರಿಹೋಯಿತೆಂದು ತೋರುತ್ತದೆಯಲ್ಲವೆ? ಆದರೆ ಇಲ್ಲಿಯೇ ಒಂದು ಮೋಸವಿದೆ. ಒಂದು ಸ್ಥಾನ ಇಳಿಯಬೇಕಾದರೆ ಇರುವ ಉದ್ದಕ್ಕೆ ಶೇಕಡ 5.9ರಷ್ಟು ಸೇರಬೇಕು, ಎರಡಕ್ಕೆ ಶೇಕಡ 12.2, ಮೂರಕ್ಕೆ ಶೇಕಡ 18.9. ಈ ಮೂರೂ ಸುರುಳಿಗಳು ಕೂಡಿದರೆ 148 ಸೆಂಟಿಮೀಟರಿನ ಕೊಳವೆಗೆ 55 ಸೆಂಟಿಮೀಟರು ಸೇರುತ್ತದೆ. ಆರು ಸ್ಥಾನ ಇಳಿಯುವುದಕ್ಕೆ ಬೇಕಾದುದಾದರೋ ಶೇಕಡ 41.4, ಎಂದರೆ 61 ಸೆಂಟಿಮೀಟರು! ಆರು ಸೆಂಟಿಮೀಟರು ಕಡಮೆಯಾದುದರಿಂದ ಸ್ವರವು ಸುಮಾರು ಅರ್ಧ ಸ್ಥಾನದಷ್ಟು ಮೇಲೆ ನಿಲ್ಲುತ್ತದೆ. ವಾದ್ಯವನ್ನು ಮಾಡುವವರು ಮೂರನೆಯ ಸುರುಳಿಯನ್ನು ಎಳೆದು ಉದ್ದಮಾಡುವ ಅನುಕೂಲವನ್ನಿಟ್ಟಿರುತ್ತಾರೆ; ಆದರೆ ಹೊಸ ವಿದ್ಯಾರ್ಥಿಯ ಬೆರಳು ಅದನ್ನು ಮರೆಯುತ್ತದೆ.

ಹೀಗೆ ಹದತಪ್ಪುವ ಸ್ವರ ಯಾವುದು? ಪಂಚಮದಿಂದ ಆರು ಸ್ಥಾನ ಕೆಳಗಿನ ಶುದ್ಧ ರಿಷಭ. ನಮ್ಮಲ್ಲಿ ಸಂಗೀತದ ಮೊದಲ ಪಾಠವು ಮಾಯಾಮಾಳವಗೌಳ ರಾಗದಲ್ಲಿ ಆರಂಭವಾಗುತ್ತದೆ. ಅದರ ಎರಡನೆಯ ಸ್ವರವೇ ಈ ಶುದ್ಧ ರಿಷಭ. ಎಂದರೆ, ಕಂಠಕ್ಕೂ ವೀಣೆಗೂ ಮೊದಲ ಪಾಠವಾದುದು ಟ್ರಂಪೆಟ್ಟಿನ ಕೆಳಗಣ ಸ್ಥಾಯಿಯಲ್ಲಿ ಅತ್ಯಂತ ಕಷ್ಟದ ಪಾಠವಾಗುತ್ತದೆ. ಶಂಕರಾಭರಣವನ್ನು ತೆಗೆದುಕೊಂಡರೆ ಪರಿಸ್ಥಿತಿಯು ಬೇರೆ. ಅದರ ಸ, ಗ, ಪ ಸ್ವರಗಳು ಕೊಳವೆಯ ಸಹಜ ಸ್ವರಗಳೇ. ಮೇಲಿನ ಸ್ಥಾಯಿಯಲ್ಲಂತೂ ಮೂರನೆಯ ಕವಾಟವನ್ನು ಮುಟ್ಟದೆಯೇ ಸಪ್ತಸ್ವರಗಳನ್ನೂ ನುಡಿಸಬಹುದು. ಕೆಳಗಿನ ಸ್ಥಾಯಿಯಲ್ಲಿ ಚತುಶ್ರುತಿ ರಿಷಭ ಒಂದಕ್ಕೆ ಮಾತ್ರ ಅದು ಬೇಕು.

ಮೈಸೂರಿನ ಪಾಠ

ನಮ್ಮ ನಾಡಿನ ಬ್ಯಾಂಡುಗಳಲ್ಲಿ ಚೆನ್ನಾಗಿ ನೆಲೆಯೂರಿದ ಕೃತಿಗಳನ್ನು ನೋಡಿದರೆ ಈ ಮಾತಿಗೆ ಸಾಕ್ಷಿ ದೊರೆಯುತ್ತದೆ. ಮುತ್ತುಸ್ವಾಮಿ ದೀಕ್ಷಿತರು (1775–1835) ಮದರಾಸಿನಲ್ಲಿ ಇಂಗ್ಲಿಷರ ಬ್ಯಾಂಡು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ, ಅವುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ, ಸುಮಾರು 40 ನೊಟ್ಟುಸ್ವರಗಳನ್ನು ರಚಿಸಿದರು. 'ಸಂತತಂ ಪಾಹಿಮಾಂ' ಎಂಬುದರ ಮಟ್ಟು ಇಂಗ್ಲೆಂಡಿನ ರಾಷ್ಟ್ರಗೀತೆಯದೇ. ಇವೆಲ್ಲವೂ ಶಂಕರಾಭರಣದ ಸ್ವರಗಳಲ್ಲಿವೆ, ಗಮಕಗಳಿಲ್ಲದೆ ನೇರವಾಗಿವೆ. ಕೊಳವೆಯಲ್ಲಿ ಹುಟ್ಟಿದ ಮಟ್ಟು ಮರಳಿ ಕೊಳವೆಗೆ ಬಂದರೆ ಹಿತವಾಗಿಯೇ ಇರುತ್ತದೆ. ಬಸಪ್ಪಶಾಸ್ತ್ರಿಗಳು (1843–1891) ರಚಿಸಿದ ಮೈಸೂರು ಸಂಸ್ಥಾನದ ಗೀತೆ 'ಕಾಯೌ ಶ್ರೀಗೌರಿ' ಕೂಡ ಧೀರಶಂಕರಾಭರಣದಲ್ಲಿಯೇ ಇದೆ. ಇಂದಿಗೂ ದಸರೆಯ ಖಾಸಗಿ ದರ್ಬಾರಿನಲ್ಲಿ ಪೊಲೀಸ್ ಬ್ಯಾಂಡಿನವರು ಅದನ್ನು ನುಡಿಸುತ್ತಾರೆ.

ಮೈಸೂರಿನ ಅರಮನೆಯಲ್ಲಿ ಕರ್ಣಾಟಕ ಸಂಗೀತದ ವಾದ್ಯಮೇಳವೊಂದೂ ಪಾಶ್ಚಾತ್ಯ ಸಂಗೀತದ ವಾದ್ಯಮೇಳವೊಂದೂ ಪ್ರತ್ಯೇಕವಾಗಿದ್ದುವೆಂಬುದು ಗಮನಾರ್ಹ. ಪಾಶ್ಚಾತ್ಯ ಮೇಳವನ್ನು ಜರ್ಮನಿಯ ಆಟೋ ಷ್ಮಿಟ್ ನಡೆಸಿದನು. ವೀಣೆ ವೆಂಕಟಗಿರಿಯಪ್ಪನವರು (1887–1952) ನಗ್ಮಗಳೆಂಬ ಹೊಸ ಬಗೆಯ ರಚನೆಗಳನ್ನು ಮಾಡಿದರು. ಒಂದು ಮೇಳದ ಹಾಳೆಯನ್ನು ಇನ್ನೊಂದರ ಮುಂದಿಟ್ಟು ಕೆಲಸ ಮುಗಿಸುವ ಪದ್ಧತಿ ಅಲ್ಲಿರಲಿಲ್ಲ. ಎರಡು ಬಗೆಯ ಸಂಗೀತಕ್ಕೆ ಎರಡು ಬಗೆಯ ಮೇಳಗಳು ಎಂಬ ಈ ವಿವೇಕವು ಹೊಸದಾಗಿ ಬ್ಯಾಂಡು ಕಟ್ಟುವವರಿಗೆ ಇಂದಿಗೂ ಬೆಳಕಾಗಬಲ್ಲುದು.

ಹಾಗಾದರೆ ನಮ್ಮ ರಾಗಗಳನ್ನು ಬ್ಯಾಂಡಿನಲ್ಲಿ ನುಡಿಸಲೇಬಾರದೆ? ನುಡಿಸಬಹುದು, ಆದರೆ ಆರಿಸಬೇಕು. ಕವಾಟವು ಸ್ವರದಿಂದ ಸ್ವರಕ್ಕೆ ಜಿಗಿಯುವ ಸಾಧನ. ಗಮಕವು ಸ್ವರದಿಂದ ಸ್ವರಕ್ಕೆ ಜಾರುವ ಕಲೆ. ತೋಡಿಯ ಗಾಂಧಾರದ ತೂಗಾಟವನ್ನು 22 ಮಂದಿ ಏಕರೀತಿಯಲ್ಲಿ ಕವಾಟಗಳಿಂದ ಹೊರಡಿಸುವುದು ಆಗದ ಮಾತು. ಹಂಸಧ್ವನಿ, ಮೋಹನಗಳಂತಹ ರಾಗಗಳ ಸರಳ ರಚನೆಗಳು ಗಮಕವು ಮಿತವಾದರೂ ತಮ್ಮ ಮುಖವನ್ನು ಉಳಿಸಿಕೊಳ್ಳುತ್ತವೆ. ಒಬ್ಬ ಸಾಧಕನ ಮಾತು ಬೇರೆ. ದಕ್ಷಿಣ ಕನ್ನಡದ ಸಜೀಪದ ಕದ್ರಿ ಗೋಪಾಲನಾಥರು (1949–2019) ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾದರು. ವಾದ್ಯವನ್ನು ಕೆಲಮಟ್ಟಿಗೆ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, ಗಮಕಗಳನ್ನು ಅದರಿಂದ ನುಡಿಸಿದರು. ಆದರೆ ಅದು ಒಬ್ಬನ ಜೀವಮಾನದ ತಪಸ್ಸು. ನಾಲ್ಕು ತಿಂಗಳ ಅಭ್ಯಾಸವಿರುವ ಮೇಳದಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ತುಟಿ ಮತ್ತು ಉಸಿರು

ಹಿತ್ತಾಳೆಯ ವಾದ್ಯದಲ್ಲಿ ವೀಣೆಯ ತಂತಿಯ ಸ್ಥಾನವನ್ನು ಪಡೆದಿರುವುದು ಮನುಷ್ಯನ ತುಟಿ. ಟ್ರಂಪೆಟ್ಟಿನ ಎಂಟನೆಯ ಮೆಟ್ಟಿಲಿನ ಷಡ್ಜವನ್ನು ಹೊರಡಿಸಬೇಕಾದರೆ ತುಟಿಯು ಸೆಕೆಂಡಿಗೆ 932 ಸಲ ಕಂಪಿಸಬೇಕು. ತಂತಿಗೆ ಆಯಾಸವಿಲ್ಲ, ತುಟಿಯ ಸ್ನಾಯುವಿಗೆ ಉಂಟು. ಇನ್ನೊಂದು ತೊಂದರೆಯೆಂದರೆ, ಮೇಲೇರಿದಂತೆ ಮೆಟ್ಟಿಲುಗಳು ಒತ್ತೊತ್ತಾಗುತ್ತವೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಏಳು ಸ್ಥಾನಗಳ ಅಂತರ. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ನಡುವೆ ಎರಡೇ. ಬಿಗಿಯು ಕೂದಲೆಳೆಯಷ್ಟು ತಪ್ಪಿದರೂ ಪಕ್ಕದ ಮೆಟ್ಟಿಲಿಗೆ ಜಾರಬೇಕಾಗುತ್ತದೆ. ನಾವು ಪರೀಕ್ಷಿಸಿದ ಹಾಳೆಯಲ್ಲಿ ಟ್ರಂಪೆಟ್ಟುಗಳು 32 ಮಾತ್ರಾಗಣಗಳ ಉದ್ದಕ್ಕೂ ಬಿಡುವಿಲ್ಲದೆ ಈ ಎತ್ತರದಲ್ಲಿಯೇ ಸುಳಿಯುತ್ತಿದ್ದುವು. ಒಂದು ವರ್ಷವೂ ತುಂಬದ ತುಟಿಗಳಿಗೆ ಅದು ಸಾಧ್ಯವಿರಲಿಲ್ಲ. ಆ ಹುಡುಗಿಯರು ಸೋತುದು ಸಾಮರ್ಥ್ಯವಿಲ್ಲದೆ ಅಲ್ಲ. ತುಟಿಗೆ ವಿಶ್ರಾಂತಿಯೇ ಇಲ್ಲದೆ.

ಅನೇಕ ಪ್ರಕಾಶಕರು ಕೃತಿಗಳನ್ನು 1ರಿಂದ 6ರವರೆಗೆ ಶ್ರೇಣಿಗಳಾಗಿ ವಿಂಗಡಿಸುತ್ತಾರೆ. ಇದು ಉಪಯುಕ್ತವಾದರೂ ಒಬ್ಬರ 3 ಇನ್ನೊಬ್ಬರ 4 ಆಗಿರುವುದುಂಟು. ಆದುದರಿಂದ ಶ್ರೇಣಿಯ ಅಂಕಿಯ ಜೊತೆಗೆ ನಾವೇ ಮೂರು ಸಂಗತಿಗಳನ್ನು ಎಣಿಸಿ ನೋಡುವುದು ಮೇಲು: ಪ್ರತಿ ವಾದ್ಯದ ಅತ್ಯುನ್ನತ ಸ್ವರ ಯಾವುದು, ಅದು ಎಷ್ಟು ಸಲ ಬರುತ್ತದೆ, ಮತ್ತು ಬಿಡುವು ಎಷ್ಟಿದೆ. ಕಾಲದ ಲೆಕ್ಕವನ್ನೂ ಮರೆಯಬಾರದು. ನಮ್ಮ ರಾಷ್ಟ್ರಗೀತೆಯನ್ನು ಪೂರ್ಣವಾಗಿ ನುಡಿಸುವುದಕ್ಕೆ ಸುಮಾರು 52 ಸೆಕೆಂಡು ಸಾಕು. ಕರ್ನಾಟಕದ ನಾಡಗೀತೆಗೆ ಸರ್ಕಾರವು 2022ರಲ್ಲಿ ಗೊತ್ತುಪಡಿಸಿದ ಅವಧಿ 2 ನಿಮಿಷ 30 ಸೆಕೆಂಡು. ಮೊದಲನೆಯದನ್ನು ಚೆನ್ನಾಗಿ ನುಡಿಸಿದ ಮೇಳವು ಎರಡನೆಯದಕ್ಕೆ ಸಿದ್ಧವಾಗಿದೆಯೆಂದು ಹೇಳುವಂತಿಲ್ಲ. ಮೂರು ಪಾಲು ದೀರ್ಘವಾದ ಕೃತಿಯಲ್ಲಿ ಪಾಳಿಯ ಮೇಲೆ ಊದುವ ಏರ್ಪಾಡಿರುವ ಸ್ವರಪತ್ರವನ್ನೇ ಆರಿಸಬೇಕು.

ಬಯಲೊ, ಸಭಾಂಗಣವೊ?

ಕೊನೆಯದಾಗಿ ನೆಲದ ಮಾತು. ಸಭಾಂಗಣದಲ್ಲಿ ಹೊರಟ ಶಬ್ದವು ಗೋಡೆಗಳಿಂದ ಮರಳಿ ಮರಳಿ ಬಂದು ಸ್ವಲ್ಪ ಹೊತ್ತು ಸುಳಿದಾಡುತ್ತದೆ. ಶಬ್ದವು 60 ಡೆಸಿಬೆಲ್ ಕುಗ್ಗುವುದಕ್ಕೆ 2 ಸೆಕೆಂಡು ಹಿಡಿಯುವ ಸಭಾಂಗಣವೆಂದುಕೊಳ್ಳಿ. ನಿಮಿಷಕ್ಕೆ 120 ಎಣಿಕೆಯ ಓಟದಲ್ಲಿ ಎಣಿಕೆಗೆ ನಾಲ್ಕು ಸ್ವರಗಳು ಬಂದರೆ ಒಂದೊಂದರ ಅವಧಿ ಸೆಕೆಂಡಿನ ಎಂಟನೆಯ ಒಂದು ಭಾಗ. ಮುಂದಿನ ಸ್ವರ ಹೊರಡುವ ವೇಳೆಗೆ ಹಿಂದಿನದು 4 ಡೆಸಿಬೆಲ್ ಕೂಡ ಕುಗ್ಗಿರುವುದಿಲ್ಲ, ಎಲ್ಲವೂ ಕಲಸಿಹೋಗುತ್ತದೆ. ಅಂತಹ ಕಡೆ ನಿಧಾನದ, ದೀರ್ಘಸ್ವರಗಳ ಕೃತಿಯು ಶೋಭಿಸುತ್ತದೆ.

ಬಯಲಿನಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಶಬ್ದವನ್ನು ಹಿಂದಿರುಗಿಸುವ ಗೋಡೆಗಳಿಲ್ಲ. ದೂರವು ಎರಡರಷ್ಟಾದಾಗಲೆಲ್ಲ ಶಬ್ದವು 6 ಡೆಸಿಬೆಲ್ ಕುಗ್ಗುತ್ತದೆ. 5 ಮೀಟರ್ ದೂರದಲ್ಲಿ ಕೇಳುವುದಕ್ಕಿಂತ 40 ಮೀಟರ್ ದೂರದಲ್ಲಿ 18 ಡೆಸಿಬೆಲ್ ಕಡಮೆ. ಇಬ್ಬರು ಊದುವ ಕೊಳಲಿನ ಮೆಲ್ಲನೆಯ ಭಾಗವು ಮೊದಲ ಸಾಲಿನ ಆಚೆಗೆ ಮುಟ್ಟದು. ಇಬ್ಬರಿಗೆ ಬದಲು ನಾಲ್ವರು ಊದಿದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ನಾಯಂಡಹಳ್ಳಿಯಂತಹ ಕಡೆ ಇದರ ಮೇಲೆ ವಾಹನಗಳ ಮೊರೆತವೂ ಸೇರುತ್ತದೆ. ಆ ಮೊರೆತವು ಬಹುಮಟ್ಟಿಗೆ ಕೆಳಗಿನ ಸ್ಥಾಯಿಯದಾದುದರಿಂದ ಮೊದಲು ಮುಳುಗುವುದು ಮಂದ್ರದ ಆಧಾರಸ್ವರಗಳು. ಟ್ಯೂಬಾ ಇಲ್ಲದೆ ಒಂದೇ ಯೂಫೋನಿಯಂ ಇದ್ದ ನಮ್ಮ ಮೇಳಕ್ಕೆ, ಹಲವರು ಕೂಡಿ ಒಂದೇ ಮಟ್ಟನ್ನು ಹಿಡಿಯುವ, ದಟ್ಟವಾದ ಜೋಡಣೆಯ ಕೃತಿಯೇ ತಕ್ಕುದು.

ಹವೆಯ ಉಷ್ಣತೆಗೂ ಇಲ್ಲಿ ಪಾತ್ರವುಂಟು. ಜನವರಿಯ ಬೆಳಗ್ಗೆ 17 ಡಿಗ್ರಿಯಿದ್ದ ಹವೆಯು ಮಧ್ಯಾಹ್ನ 27 ಡಿಗ್ರಿಗೆ ಏರಿತೆಂದುಕೊಳ್ಳೋಣ. ಶಬ್ದದ ವೇಗವು ಶೇಕಡ 1.7ರಷ್ಟು ಹೆಚ್ಚುತ್ತದೆ, ಕೊಳವೆಯ ಶ್ರುತಿಯೂ ಅದರೊಡನೆ ಕಾಲು ಸ್ಥಾನದಷ್ಟು ಏರಬೇಕು. ಒಳಗಿನ ಗಾಳಿಯು ಉಸಿರಿನಿಂದ ಬೆಚ್ಚಗಿರುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಮೆ. ಆದರೆ ದಿಕ್ಕು ಅದೇ. ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯದ ಶ್ರುತಿಯಾದರೋ ಬಿಸಿಲಿನಲ್ಲಿ ಏರುವುದಿಲ್ಲ, ಅತ್ಯಲ್ಪವಾಗಿ ಇಳಿಯುತ್ತದೆ. ಈ ಎರಡೂ ದೀರ್ಘಕಾಲ ಒಂದೇ ಮಟ್ಟನ್ನು ನುಡಿಸುವ ಕೃತಿಯನ್ನು ಬಿಸಿಲಿನ ಮೈದಾನಕ್ಕೆ ಆರಿಸದಿರುವುದು ಲೇಸು. ಸಾಲುಗಳು ದೂರ ದೂರ ನಿಂತರೆ ಇನ್ನೊಂದು ಎಚ್ಚರ ಬೇಕು. 34 ಮೀಟರ್ ದೂರವನ್ನು ದಾಟಲು ಶಬ್ದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. 120ರ ಓಟದಲ್ಲಿ ಅದು ಎಣಿಕೆಯ ಐದನೆಯ ಒಂದು ಪಾಲು. ಒಬ್ಬರ ಸ್ವರದ ನಡುವೆ ಇನ್ನೊಬ್ಬರ ಸ್ವರವನ್ನು ಹೆಣೆಯುವ ಚುರುಕಿನ ಜೋಡಣೆಗಳು ಅಲ್ಲಿ ಉಳಿಯಲಾರವು.

ಹಾಳೆಯ ಹಕ್ಕು

ಒಂದು ಮಾತು ಕಾನೂನಿನ ಬಗೆಗೆ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯವು ಕರ್ತೃವಿನ ಜೀವಿತಕಾಲವೂ ಅನಂತರದ 60 ವರ್ಷಗಳೂ ಇರುತ್ತದೆ. 1934ರಲ್ಲಿ ತೀರಿಕೊಂಡ ಹೋಲ್ಸ್ಟನ ಮೂಲಕೃತಿಗಳು ಇಲ್ಲಿ 1995ರಿಂದ ಎಲ್ಲರ ಸ್ವತ್ತು. ಆದರೆ ಅವುಗಳನ್ನು ನಿನ್ನೆಮೊನ್ನೆ ಸಣ್ಣ ಮೇಳಕ್ಕೆಂದು ಹೊಂದಿಸಿದವನ ಹಕ್ಕು ಬೇರೆಯೇ ಆಗಿ ಉಳಿದಿರುತ್ತದೆ. ಹೊಂದಿಕೆಯ ಪ್ರತಿಯನ್ನು ಕೊಂಡೇ ನುಡಿಸಬೇಕು. ಹಳೆಯ ಮಟ್ಟುಗಳನ್ನು ವಿದ್ಯಾರ್ಥಿಗಳೇ ತಮ್ಮ ಮೇಳಕ್ಕೆ ಹೊಂದಿಸಿಕೊಂಡರೆ ಖರ್ಚೂ ಇಲ್ಲ, ಅದರಷ್ಟು ಒಳ್ಳೆಯ ಶಿಕ್ಷಣವೂ ಬೇರೊಂದಿಲ್ಲ.

ನಾಯಂಡಹಳ್ಳಿಯ ಮೇಳವು ಮಾಡಿದುದೂ ಅದನ್ನೇ. ಮರುವರ್ಷ ಅವರು ದೀಕ್ಷಿತರ ಒಂದು ನೊಟ್ಟುಸ್ವರವನ್ನು ಆರೂವರೆ ಶ್ರುತಿಯಲ್ಲಿ ಹೊಂದಿಸಿಕೊಂಡರು. ಟ್ರಂಪೆಟ್ಟು ಆರನೆಯ ಮೆಟ್ಟಿಲನ್ನು ದಾಟದಂತೆ, ಪ್ರತಿ ಎಂಟು ಮಾತ್ರಾಗಣಗಳಿಗೊಮ್ಮೆ ಕ್ಲಾರಿನೆಟ್ಟು ಮಟ್ಟನ್ನು ವಹಿಸಿಕೊಂಡು ತುಟಿಗಳಿಗೆ ಬಿಡುವು ದೊರೆಯುವಂತೆ ಬರೆದರು. ಅಭ್ಯಾಸಕ್ಕೆ ಹಿಡಿದುದು ಆರು ವಾರ. ಗಣರಾಜ್ಯೋತ್ಸವದ ಬೆಳಗ್ಗೆ ನಾವು ಮೈದಾನದ ಹಿಂದಿನ ಬೇಲಿಯ ಬಳಿ ನಿಂತು ಕೇಳಿದೆವು. ರಸ್ತೆಯ ಮೊರೆತದ ಮೇಲೆಯೂ ಮಟ್ಟು ಸ್ಪಷ್ಟವಾಗಿಯೇ ಇದ್ದಿತು. ಬಿಟ್ಟುಹೋಗಿದ್ದ ಇಬ್ಬರಲ್ಲಿ ಒಬ್ಬಳು ಮರಳಿ ಬಂದು ಎರಡನೆಯ ಸಾಲಿನಲ್ಲಿ ನುಡಿಸುತ್ತಿದ್ದಳು. ಇನ್ನೊಬ್ಬಳು ಬರಲಿಲ್ಲ.

ಸ್ವರಪತ್ರದ ಆಯ್ಕೆಯು ಅಷ್ಟೇನೂ ಮುಖ್ಯವಲ್ಲದ, ಬೇಗನೆ ಮುಗಿಸಿಬಿಡಬಹುದಾದ ಕೆಲಸವೆಂದು ತೋರಬಹುದು. ಆದರೆ ಒಂದು ಮೇಳವು ಆರು ತಿಂಗಳಲ್ಲಿ ಏನನ್ನು ಕಲಿಯುತ್ತದೆ, ತನ್ನನ್ನು ಕುರಿತು ಏನನ್ನು ನಂಬುತ್ತದೆ ಎಂಬುದು ಆ ಒಂದು ದಿನದ ಆಯ್ಕೆಯಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಆದುದರಿಂದ ಹಾಳೆಯನ್ನು ಕೊಳ್ಳುವ ಮೊದಲು ಕೊಳವೆಗಳನ್ನು ಎಣಿಸಿರಿ, ತುಟಿಗಳನ್ನು ವಿಚಾರಿಸಿರಿ, ನೆಲವನ್ನು ನೋಡಿರಿ. ಕೃತಿಯ ಕೀರ್ತಿಯ ಯೋಚನೆ ಅನಂತರದ್ದು.